ವ್ಯಾನ್ ಡ್ರೈವರು ಮಗಳನ್ನು ಕಾಲೇಜಿಗೆ ಒಪ್ಪಿಸಿದ್ದು

"ನೋಡಿ ಮಕ್ಕಳೇ, ಈ ವರ್ಷ ಕಳೆದ್ರೆ ನೀವು ಕಾಲೇಜು. ಹೈಸ್ಕೂಲು ಅಂದ್ರೆ ಏನು? ಗಂಟೆ ಹೊಡೆದ್ರೆ ಏಳೋದು, ಗಂಟೆ ಹೊಡೆದ್ರೆ ಕೂರೋದು. ಅಲ್ಲಿ ಗಂಟೆನೂ ಇಲ್ಲ, ಗದರೋರೂ ಇಲ್ಲ. ಕ್ಲಾಸಿಗೆ ಹೋಗ್ಲಿಲ್ಲ ಅಂದ್ರೆ ಯಾರೂ ಮನೆಗೆ ಫೋನ್ ಮಾಡಲ್ಲ. ಹಗ್ಗ ಬಿಚ್ಚಿದ ಕರು ಮೊದಲು ಏನ್ ಮಾಡುತ್ತೆ ಹೇಳಿ? ಓಡುತ್ತೆ. ಎಲ್ಲಿಗೆ ಅಂತ ಅದಕ್ಕೂ ಗೊತ್ತಿರಲ್ಲ. ನೀವು ಹಾಗೆ ಓಡಬೇಡಿ. ಮೊದಲನೇ ದಿನ ಸುಮ್ನೆ ಒಂದು ಸುತ್ತು ಹಾಕಿ. ಲೈಬ್ರರಿ ಎಲ್ಲಿ, ಕುಡಿಯೋ ನೀರು ಎಲ್ಲಿ, ಯಾವ ಮೆಟ್ಟಿಲು ಎಲ್ಲಿಗೆ ಹೋಗುತ್ತೆ, ಕಣ್ಣಲ್ಲಿ ಇಟ್ಕೊಳ್ಳಿ. ಗೊತ್ತಾಗದ್ದನ್ನ ಕೇಳಿ. ಕೇಳಿದ್ರೆ ಒಂದು ಗಳಿಗೆ ನಾಚಿಕೆ, ಕೇಳದೇ ಇದ್ರೆ ವರ್ಷ ಪೂರ್ತಿ ನಾಚಿಕೆ. ಹಿಂದಿನ ಬೆಂಚಿನೋರು ಕೆಟ್ಟೋರಲ್ಲ, ಆದ್ರೆ ಮೇಷ್ಟ್ರ ಮಾತು ಅಲ್ಲಿಗೆ ಅರ್ಧ ತಲುಪುತ್ತೆ, ಇನ್ನರ್ಧ ಫ್ಯಾನ್ ತಿಂದ್ಬಿಡುತ್ತೆ. ಮೊದಲು ಸಿಕ್ಕಿದೋರನ್ನೇ ಪ್ರಾಣಸ್ನೇಹಿತ್ರು ಅಂತ ತಬ್ಕೊಳ್ಳಬೇಡಿ, ಬಸ್ಸಲ್ಲಿ ಸೀಟು ಹಿಡಿದ ಹಾಗಲ್ಲ ಅದು. ಇನ್ನೊಂದು, ಎಲ್ಲಕ್ಕಿಂತ ದೊಡ್ಡದು. ನಿಮ್ಮ ಕಾಲ ಮೇಲೆ ನೀವೇ ಒಳಗೆ ಹೋಗಬೇಕು. ಅಪ್ಪ ಅಮ್ಮ ಗೇಟಿನ ಆಚೆ. ಅವರು ಒಳಗೆ ಬಂದ್ರೆ ನಿಮ್ಮ ಮಾನನೂ ಹೋಯ್ತು, ಅವರ ಮಾನನೂ ಹೋಯ್ತು. ಅಜ್ಜೀ, ಆ ಪುಟಾಣಿ ಕಿಟಕಿಯಿಂದ ಕೈ ಆಚೆ ಹಾಕಿದೆ ನೋಡಿ."

ಹೀಗೆ ಹೇಳಿದವನು ನಮ್ಮ ಶಾಲೆಯ ವ್ಯಾನ್ ಡ್ರೈವರು. ಅಜ್ಜಿ ಅಂದದ್ದು ನನಗೆ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ಮೂಗು ಒರೆಸುವುದು, ಬಿದ್ದ ಬಾಟಲಿ ಎತ್ತಿ ಕೊಡುವುದು ನನ್ನ ಕೆಲಸ. ನನ್ನ ಓದು ಸಣ್ಣ ತರಗತಿಯಲ್ಲೇ ನಿಂತುಹೋದದ್ದು. ಅವನದು ನನಗಿಂತ ಸ್ವಲ್ಪ ಮುಂದೆ ಹೋಗಿ ನಿಂತದ್ದು. ನಾವಿಬ್ಬರೂ ಊರಿನ ಅರ್ಧ ಮಕ್ಕಳನ್ನು ಓದಿಗೆ ಹೊತ್ತೊಯ್ಯುತ್ತಿದ್ದೆವು ಅನ್ನಿ.

ಮಕ್ಕಳು ಅವನನ್ನು ಕನ್ನಡಿ ಮಾವ ಅನ್ನುತ್ತಿದ್ದರು. ರಸ್ತೆಯಿಂದ ಕಣ್ಣು ತೆಗೆಯದೆ, ತಲೆಯ ಮೇಲಿನ ಸಣ್ಣ ಕನ್ನಡಿಯಲ್ಲಿ ಹಿಂದಿನವರನ್ನು ನೋಡುತ್ತ ಮಾತಾಡುತ್ತಿದ್ದ. ಕೊನೆಯ ಸಾಲಿನಲ್ಲಿ ಹೈಸ್ಕೂಲಿನ ಕೊನೆಯ ವರ್ಷದವರು ಕೂರುತ್ತಿದ್ದರು. ಕಾಲೇಜಿನ ಬುದ್ಧಿಮಾತೆಲ್ಲ ಅವರಿಗೆ. ನೀವು ಯಾವ ಕಾಲೇಜಿಗೆ ಹೋಗಿದ್ರಿ ಮಾವ ಅಂತ ಒಬ್ಬ ಚೇಷ್ಟೆಯ ಹುಡುಗ ಕೇಳಿದರೆ, ನಾನು ಎಲ್ಲಾ ಕಾಲೇಜಿನ ಗೇಟಿನ ತನಕ ಹೋಗಿದೀನಪ್ಪ ಅನ್ನುತ್ತಿದ್ದ. ಅದು ನಿಜ. ಗೇಟಿನ ಹೊರಗೆ ಕಾಯುತ್ತ, ಚಹಾ ಅಂಗಡಿಯಲ್ಲಿ ನಿಲ್ಲುತ್ತ, ಮೇಷ್ಟರುಗಳು, ದೊಡ್ಡ ಹುಡುಗರು, ಅವರ ತಾಯಂದಿರು ಆಡಿದ್ದನ್ನೆಲ್ಲ ಕಿವಿಗೆ ಹಾಕಿಕೊಂಡು ಅದನ್ನೇ ತೊಳೆದು ಮಡಚಿ ಮಕ್ಕಳಿಗೆ ಕೊಡುತ್ತಿದ್ದ. ಕೊಡುವುದರಲ್ಲಿ ಮೋಸ ಇರಲಿಲ್ಲ.

ಅವನ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಾವ ಮಗುವನ್ನೂ ರಸ್ತೆಗೆ ಇಳಿಸಿ ಬರುವಂತಿಲ್ಲ, ಕೈಯಿಂದ ಕೈಗೆ ಕೊಡಬೇಕು. ಹಿಂದೆ ಯಾವಾಗಲೋ ಬೇರೆ ವ್ಯಾನಿನವನೊಬ್ಬ ಒಂದು ಮಗುವನ್ನು ಬೀಗ ಹಾಕಿದ ಬಾಗಿಲ ಮುಂದೆ ಇಳಿಸಿ ಹೋಗಿ, ಆ ಮಗು ಎಲ್ಲೆಲ್ಲೋ ಅಲೆದು ಸಂಜೆ ಸಿಕ್ಕಿತ್ತಂತೆ. ಆ ಸುದ್ದಿ ಇವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಶಾಲೆಯ ಬಾಗಿಲಲ್ಲಿ ಟೀಚರ ಕೈಗೆ ಮಗುವಿನ ಕೈ ಇಟ್ಟು, "ಮಗು ಬಂತು ಮೇಡಂ. ಸಂಜೆ ನಾನೇ ಬರ್ತೀನಿ, ಬೇರೆ ಯಾರ ಕೈಗೂ ಕೊಡ್ಬೇಡಿ" ಅನ್ನುವನು. ದಿನವೂ ಅದೇ ಮಾತು, ಅದೇ ರಾಗ. ಮಳೆಯಲ್ಲೂ ಅದೇ, ಜ್ವರ ಬಂದಾಗಲೂ ಅದೇ. ಮೀಸೆ ಮೂಡಿದ ಹುಡುಗರ ಕೈ ಮಾತ್ರ ಹಿಡಿಯುತ್ತಿರಲಿಲ್ಲ. ಆದರೂ ಅವರು ಬಾಗಿಲು ದಾಟಿ, ಒಳಗಿನವರು ತಲೆ ಆಡಿಸುವ ತನಕ ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ.

ಅವನ ಮಗಳು ಅದೇ ವ್ಯಾನಿನಲ್ಲಿ ಬೆಳೆದವಳು. ಮೊದಲು ನನ್ನ ಮಡಿಲಲ್ಲಿ, ಆಮೇಲೆ ಮುಂದಿನ ಸೀಟಿನಲ್ಲಿ, ಕೊನೆಗೆ ಹಿಂದಿನ ಸಾಲಿನಲ್ಲಿ. ಮಾತು ಕಡಿಮೆ, ಲೆಕ್ಕ ಚುರುಕು. ಊರಿನ ಆಚೆ ತುದಿಯ ದೊಡ್ಡ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿದಾಗ ಅವನು ವ್ಯಾನಿನ ಎಲ್ಲ ಮಕ್ಕಳಿಗೂ ಬಿಸ್ಕತ್ತು ಹಂಚಿದ. ಅವನ ಮನೆಯಲ್ಲಿ, ಅವನ ಹೆಂಡತಿಯ ಮನೆಯಲ್ಲಿ, ಆ ಬಾಗಿಲು ದಾಟಿದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ.

ಮೊದಲ ದಿನ ಅವಳು ಕೇಳಿಕೊಂಡದ್ದು ಒಂದೇ. ಗೇಟಿನ ಹತ್ತಿರ ಬೇಡ, ಮೂಲೆಯಲ್ಲೇ ಇಳಿಸಬೇಕು. ನಾನೇ ಎಲ್ರಿಗೂ ಹೇಳೋ ಮಾತು ತಾನೆ ಅಂದ ಅವನು. ಶಾಲೆಯ ಮಕ್ಕಳನ್ನು ಬಿಟ್ಟ ಮೇಲೆ ಮೂವರೂ ಹೊರಟೆವು. ಹಿರಿಯರು ಒಬ್ಬರು ಜೊತೆಗಿರಲಿ ಅಂತ ನನ್ನನ್ನೂ ಕೂರಿಸಿಕೊಂಡಿದ್ದ. ಅವಳು ಮೂಲೆಯಲ್ಲಿ ಇಳಿದಳು, ದುಪಟ್ಟಾ ಸರಿ ಮಾಡಿಕೊಂಡಳು, ನನ್ನ ಕಡೆ ನೋಡಿ ನಕ್ಕು ಹೋದಳು. ಗುಂಪಿನಲ್ಲಿ ಸೇರಿ ಕಾಣದಾದಳು. ಅಲ್ಲಿಗೆ ಮುಗಿಯಬೇಕಿತ್ತು.

ಅವನು ಗಾಡಿ ತಿರುಗಿಸಿದ, ಸ್ವಲ್ಪ ಮುಂದೆ ಹೋದ, ನಿಲ್ಲಿಸಿದ. ಗೇಟಿನಲ್ಲಿ ಯಾರೂ ಇರಲಿಲ್ಲವಲ್ಲ ಅಜ್ಜಿ ಅಂದ. ಕಾವಲಿನವನು ಇದ್ದನಲ್ಲಪ್ಪ ಅಂದೆ. ಅವನು ಫೋನ್ ನೋಡ್ತಿದ್ದ, ತಲೆನೇ ಎತ್ತಲಿಲ್ಲ, ಯಾರ ಕೈಗೆ ಕೊಟ್ಟ ಹಾಗಾಯ್ತು ಅಂದ. ಒಂದೇ ನಿಮಿಷ, ಬಂದೆ ಅಂತ ಇಳಿದು ಹೋದ. ಬೂದು ಬಣ್ಣದ ಡ್ರೈವರ್ ಅಂಗಿ, ಕೈಯಲ್ಲಿ ಗಾಡಿಯ ಬೀಗದ ಕೈ. ನಾನು ಕಿಟಕಿಯಿಂದ ನೋಡುತ್ತ ಕೂತೆ.

ಒಳಗೆ ನಡೆದದ್ದನ್ನು ಅರ್ಧ ಅವನ ಬಾಯಿಂದ, ಅರ್ಧ ಮಗಳ ಬಾಯಿಂದ ಕೇಳಿ ಜೋಡಿಸಿಕೊಂಡಿದ್ದೇನೆ. ಅವರಿವರನ್ನು ಕೇಳಿ ಅವಳ ಕೋಣೆ ಹುಡುಕಿದನಂತೆ. ಸಿನಿಮಾ ಮಂದಿರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳಿದ್ದ ದೊಡ್ಡ ಕೋಣೆ, ಕೆಳಗೆ ಕುತ್ತಿಗೆಗೆ ಸಣ್ಣ ಮೈಕು ಸಿಕ್ಕಿಸಿಕೊಂಡ ಮೇಡಂ. ಇವನು ಬಾಗಿಲಲ್ಲಿ ನಿಂತು ನೋಡಿ ಬರುವುದಕ್ಕಷ್ಟೇ ಹೋದವನು. ಆದರೆ ಬಾಗಿಲು, ಒಳಗೆ ಟೀಚರು, ಎದುರಿಗೆ ಮಕ್ಕಳು, ಇಷ್ಟು ಕಂಡದ್ದೇ ತಡ, ಕಾಲು ತಾನಾಗಿ ನಡೆಯಿತು. ಮೆಟ್ಟಿಲು ಹತ್ತಿ ಮಗಳ ಕೈ ಹಿಡಿದ. ಅವಳೂ ಹಳೆಯ ಅಭ್ಯಾಸದಲ್ಲಿ ಎದ್ದು ಜೊತೆಗೆ ಇಳಿದಳು. ಅವಳ ಕೈಯನ್ನು ಮೇಡಂ ಕೈಯಲ್ಲಿಟ್ಟು, "ಮಗು ಬಂತು ಮೇಡಂ. ಸಂಜೆ ನಾನೇ ಬರ್ತೀನಿ, ಬೇರೆ ಯಾರ ಕೈಗೂ ಕೊಡ್ಬೇಡಿ" ಅಂದ.

ಮೇಡಂಗೆ ಏನು ತೋಚೀತು ಪಾಪ, ಆಯ್ತು, ತಗೊಂಡೆ ಅಂದುಬಿಟ್ಟರಂತೆ. ಮೈಕಿನಲ್ಲಿ ಅದು ಕೋಣೆಗೆಲ್ಲ ಕೇಳಿಸಿತು. ಮೇಲಿನ ಬೆಂಚಿನಿಂದ ಯಾರೋ, ಅಂಕಲ್, ಟಿಫಿನ್ ಬಾಕ್ಸ್ ಮರೆತ್ರಿ ಅಂದರು. ಆಮೇಲೆ ಆ ಕೋಣೆಯ ನಗು ನಿಲ್ಲಲೇ ಇಲ್ಲ.

ಇವನು ಮುಖ ಅರಳಿಸಿಕೊಂಡು ವಾಪಸು ಬಂದ. ಒಪ್ಪಿಸಿ ಬಂದೆ ಅಜ್ಜಿ, ಮೇಡಂ ಒಳ್ಳೆಯವರು, ಮಕ್ಕಳೂ ಎಷ್ಟು ಖುಷಿಯಾಗಿದ್ದಾರೆ ಅಂದ್ರೆ ಎಲ್ಲರೂ ನಗ್ತಾನೇ ಇದ್ರು ಅಂದ. ಅದು ಎಂಥ ನಗು ಅಂತ ನನಗೆ ಹೊಳೆಯಿತು. ಆದರೆ ಅಷ್ಟು ಹಗುರಾಗಿದ್ದವನಿಗೆ ಏನು ಹೇಳುವುದು?

ಸಂಜೆ ಶಾಲೆಯ ಮಕ್ಕಳನ್ನೆಲ್ಲ ಮನೆ ಮುಟ್ಟಿಸಿ ಮತ್ತೆ ಕಾಲೇಜಿನ ಮುಂದೆ ಹೋಗಿ ನಿಂತೆವು. ಹುಡುಗ ಹುಡುಗಿಯರು ಸುರಿಯುವ ಹಾಗೆ ಹೊರಗೆ ಬಂದರು. ಅವಳಿಲ್ಲ. ಗುಂಗುರು ಕೂದಲಿನ ಒಬ್ಬ ಹುಡುಗಿ ಇವನ ಅಂಗಿ ಗುರುತು ಹಿಡಿದು ತಾನಾಗಿ ಹತ್ತಿರ ಬಂದಳು. ಒಳ್ಳೆಯ ಮನಸ್ಸಿನ ಹುಡುಗಿ, ನಗುವಿನ ಸುಳಿವೂ ಇಲ್ಲ.

"ಡ್ರೈವರಂಕಲ್, ಅವಳು ಮಧ್ಯಾಹ್ನವೇ ತಲೆನೋವು ಅಂತ ಹೋದ್ಲು. ಅವರಪ್ಪಂಗೆ ಒಂದು ಫೋನ್ ಮಾಡಿ ಹೇಳಿಬಿಡಿ, ಪಾಪ, ಹುಡುಕ್ತಾರೆ."

ಇವನು ಅವಳ ಮುಖವನ್ನೇ ನೋಡುತ್ತ ನಿಂತ. ಆಮೇಲೆ, "ಆಯ್ತಮ್ಮ, ಅವರಪ್ಪಂಗೆ ಹೇಳ್ತೀನಿ" ಅಂದ.

ಹಿಂದಿನಿಂದ ಹುಡುಗರ ಗುಂಪೊಂದು, ಎಲ್‌ಕೆಜಿ ವ್ಯಾನ್ ಬಂತು ಕಣ್ರೋ ಅಂತ ಕೂಗಿಕೊಂಡು ಹೋಯಿತು. ಇವನು ಗಾಡಿ ಹತ್ತಿ ಕೂತ. ಗಾಡಿ ಚಾಲೂ ಮಾಡಲಿಲ್ಲ. "ಅಜ್ಜಿ, ಬೆಳಿಗ್ಗೆ ಅವರು ನಕ್ಕಿದ್ದು ಖುಷಿಗಲ್ಲ ಅಲ್ವಾ?" ಅಂದ. ಅಲ್ಲಪ್ಪ ಅಂದೆ. ಅವನ ಕಿವಿ ಕೆಂಪಾಗಿ, ಆ ಕೆಂಪು ಕುತ್ತಿಗೆಗೆ ಇಳಿದು, ಅಂಗಿಯ ಕಾಲರಿನ ಒಳಗೆ ಹೋಯಿತು. ದೊಡ್ಡ ಗಂಡಸು ನಾಚಿಕೆಯಲ್ಲಿ ಹಾಗೆ ಬೇಯುವುದನ್ನು ಪಕ್ಕದಲ್ಲಿ ಕೂತು ನೋಡಬಾರದು. ನಾನು ಕಿಟಕಿಯ ಗಾಜು ಒರೆಸಿದೆ. ಹುಡುಗಿ ಅಪ್ಪನ ವಿಷಯ ಆಡಿದ್ದನ್ನು ಮನೆಯಲ್ಲಿ ಹೇಳಬೇಡಿ ಅಂದ. ಮಗಳು ತನ್ನನ್ನು ಅಪ್ಪ ಅನ್ನದೆ ಬರೀ ಡ್ರೈವರ್ ಅಂದಿದ್ದಾಳೆ ಎಂಬುದು ಅವನಿಗೆ ತಿಳಿದಿತ್ತು, ಅದು ತನಗೆ ತಿಳಿಯಿತೆಂದು ಅವಳಿಗೆ ಗೊತ್ತಾಗಬಾರದಿತ್ತು.

ಮಾರನೇ ದಿನ ಅವಳು ಕಾಲೇಜಿಗೆ ಹೋಗಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವುದು, ಎದ್ದರೆ ಅಮ್ಮನಿಗೆ ಪಾತ್ರೆ ತೊಳೆದು ಕೊಡುವುದು. ಮೊದಲ ಹದಿನೈದು ದಿನ ಮುಖ ತೋರಿಸದಿದ್ದರೆ ಆ ಜಾಗ ಕಾಯುತ್ತಿರುವ ಬೇರೆಯವರಿಗೆ ಹೋಗುತ್ತದೆ ಅಂತ ಕಾಲೇಜಿನವರು ಮೊದಲೇ ಹೇಳಿದ್ದರು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು, ಬಾಯಿಬಿಟ್ಟು ಯಾರೂ ಅನ್ನುತ್ತಿರಲಿಲ್ಲ.

ಅವನ ಹೆಂಡತಿ ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ಮನೆಯಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು. ಇಡೀ ದಿನ ಬಿಸಿಯಲ್ಲಿ ನಿಂತು ಬಂದು ಮನೆಯಲ್ಲೂ ಬಿಸಿಯಾಗಿಯೇ ಇರುತ್ತಿದ್ದಳು. ಮಗಳು ಅವಳಿಗೆ ಹೇಳಿದ್ದು ನಗೆಪಾಟಲಾದ ಸುದ್ದಿ ಮಾತ್ರ. ಅಷ್ಟೇ ಸಾಕಾಯಿತು. ನಾನು ಅವರ ಮನೆಯಲ್ಲಿ ಕೂತಿದ್ದಾಗಲೇ ಗಂಡನಿಗೆ ಅಂದಳು.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದು ನಿಮ್ಮನ್ನ ನೋಡೇ ಹೇಳಿದ್ದು. ಊರ ಮಕ್ಕಳಿಗೆಲ್ಲ ಅಪ್ಪ ಅಮ್ಮ ಗೇಟಿನ ಆಚೆ ಅಂತ ಹೇಳ್ತೀರಲ್ಲ, ನಿಮ್ಮ ಮಗಳ ದಿನ ಬಂದಾಗ ಗೇಟು ಕಾಣಲಿಲ್ವಾ? ಅಷ್ಟು ದೊಡ್ಡ ಗೇಟು."

ಅವನು ತಟ್ಟೆಯ ಅಂಚಿನಲ್ಲಿ ಬೆರಳು ಎಳೆಯುತ್ತ ಕೂತಿದ್ದ. ತನಗೆ ತಿಳಿದ ಇನ್ನೊಂದು ಮಾತನ್ನು ಅಲ್ಲಿ ಇಟ್ಟಿದ್ದರೆ ಬೈಗುಳ ಅರ್ಧ ಮಗಳ ಪಾಲಿಗೆ ಹೋಗುತ್ತಿತ್ತು. ಇಡಲಿಲ್ಲ.

ವ್ಯಾನು ಮೂಕವಾಯಿತು. ಕನ್ನಡಿ ಇದ್ದಲ್ಲೇ ಇತ್ತು, ಅದರಲ್ಲಿ ಅವನು ನೋಡುತ್ತಿದ್ದದ್ದು ಹಿಂದೆ ಬರುವ ಲಾರಿಗಳನ್ನು ಮಾತ್ರ. ಶಾಲೆಯ ಬಾಗಿಲಲ್ಲಿ ಮಗುವಿನ ಕೈ ಕೊಡುವಾಗ ಆಡುವ ದಿನದ ಮಾತೂ ನಿಂತುಹೋಯಿತು. ಸುಮ್ಮನೆ ಕೊಟ್ಟು ಬರುತ್ತಿದ್ದ. ಕೊನೆಯ ಸಾಲಿನ ಉದ್ದ ಹುಡುಗಿ, ಮುಂದಿನ ವರ್ಷ ಕಾಲೇಜಿಗೆ ಹೋಗಬೇಕಾದವಳು, ಒಂದು ದಿನ ತಡೆಯಲಾರದೆ, ಮಾವ, ಕಾಲೇಜಿನ ಮಾತು ಅರ್ಧಕ್ಕೆ ನಿಲ್ಲಿಸಿದ್ರಿ, ಮುಂದೆ ಹೇಳಿ ಅಂದಳು.

"ನಂಗೇನೂ ಗೊತ್ತಿಲ್ಲ ಕಣಮ್ಮ" ಅಂದ ಅವನು. "ನಾನು ಕಾಲೇಜಿನ ಒಳಗೆ ಹೋಗಿದ್ದೇ ಒಂದು ಸಲ."

ಸುದ್ದಿ ಹೇಗೋ ಅವರಿಗೂ ತಲುಪಿತ್ತು ಅಂತ ಕಾಣುತ್ತದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ವಾಸಿಯಿತ್ತೇನೋ.

ಆ ವಾರದ ಕೊನೆಗೆ ಅವನು ಒಂದು ಯೋಚನೆ ಹಿಡಿದು ಬಂದ. ಕಾಲೇಜಿಗೆ ಹೋಗುತ್ತಾನಂತೆ, ಅದೇ ಕೋಣೆಗೆ. ತಪ್ಪು ನನ್ನದು, ಹುಡುಗಿಯದೇನಿಲ್ಲ, ಅವಳನ್ನ ಎಲ್‌ಕೆಜಿ ಅನ್ನಬೇಡಿ ಅಂತ ಎಲ್ಲರ ಮುಂದೆ ಕೈಮುಗಿದು ಹೇಳಿ ಬರುತ್ತಾನಂತೆ. ಗಾಡಿ ಓಡಿಸುತ್ತ ಆ ಭಾಷಣವನ್ನು ತುಟಿಯಲ್ಲೇ ಆಡಿಸುತ್ತಿದ್ದ. ಕೆರೆದ ಗಾಯ ಮತ್ತೆ ಕೆರೆಯುವುದು ಅಂದರೆ ಇದೇ. ಬೇಡ ಅಂದರೆ ಕೇಳುವವನಲ್ಲ ಅಂತ ಗೊತ್ತಿತ್ತು. ಅದಕ್ಕೇ ಒಂದು ಮಾತು ಕೇಳಿದೆ.

"ಯಾರು ಅಂತ ಹೇಳ್ಕೊಂಡು ಹೋಗ್ತೀಯಪ್ಪ? ಡ್ರೈವರ್ ಅಂತಲೋ, ಅಪ್ಪ ಅಂತಲೋ?"

ಅವನು ಬ್ರೇಕ್ ಮೇಲೆ ಕಾಲಿಟ್ಟ. ಮುಂದೆ ಸಿಗ್ನಲ್ ಇತ್ತು, ಅದು ಹಸಿರಿಗೆ ತಿರುಗಿ ಮತ್ತೆ ಕೆಂಪಾಯಿತು. ಹಿಂದಿನ ಗಾಡಿಗಳು ಹಾರನ್ ಹೊಡೆದವು. ಅಪ್ಪ ಅಂದರೆ ಮಗಳು ಸುಳ್ಳಿಯಾಗುತ್ತಾಳೆ, ಡ್ರೈವರ್ ಅಂದರೆ ಮಗಳೇ ಅಲ್ಲವಾಗುತ್ತಾಳೆ. ಹೋಗುವ ಮಾತು ಅಲ್ಲಿಗೆ ನಿಂತಿತು.

ಅವರ ಮನೆ, ನನ್ನ ಮನೆ, ಎರಡರ ಹಿಂಬದಿಯಲ್ಲಿ ಒಂದು ತಗಡಿನ ಶೆಡ್ಡು ಇತ್ತು, ವ್ಯಾನು ನಿಲ್ಲುವ ಜಾಗ. ಬೆಳಿಗ್ಗೆ ಅವನು ಹೊರಗೆ ತೊಳೆಯುವುದು, ನಾನು ಒಳಗೆ ಗುಡಿಸುವುದು. ಒಂದು ಬೆಳಿಗ್ಗೆ ಮಗಳು ಬಿಂದಿಗೆ ಹಿಡಿದು ನಲ್ಲಿಗೆ ಬಂದಳು. ಬಿಂದಿಗೆ ತುಂಬಿತು, ಚೆಲ್ಲಿತು, ಅವಳು ಎತ್ತಲಿಲ್ಲ. ನಾನು ಸೀಟುಗಳ ನಡುವೆ ಬಗ್ಗಿದ್ದೆ. ನಾನಿದ್ದೇನೆ ಅಂತ ಇಬ್ಬರಿಗೂ ಗೊತ್ತು. ಇಷ್ಟು ವರ್ಷ ಆದ ಮೇಲೆ ನಾನು ಅವರಿಗೆ ಗಾಡಿಯ ಒಂದು ಸೀಟಿನ ಹಾಗೆ.

"ಅಪ್ಪ, ಅವತ್ತು ಪಕ್ಕದವಳು ಅವರ್ಯಾರು ಅಂತ ಕೇಳಿದ್ಲು" ಅಂದಳು. "ನಮ್ಮ ವ್ಯಾನ್ ಡ್ರೈವರ್ ಅಂದ್ಬಿಟ್ಟೆ."

ಅವನು ಚಕ್ರದ ಕೆಸರು ತಿಕ್ಕುತ್ತಿದ್ದ. ತಲೆ ಎತ್ತಲಿಲ್ಲ. "ಸುಳ್ಳೇನಲ್ವಲ್ಲ."

"ಸುಳ್ಳಲ್ಲ. ಅದಕ್ಕೇ ಇಷ್ಟು ಚುಚ್ಚೋದು. ನಗೋರು ನಗ್ಲಿ, ಎಲ್‌ಕೆಜಿ ಅಂದ್ರೆ ಅನ್ಲಿ. ಅದಕ್ಕಲ್ಲ ನಾನು ಹೋಗದೇ ಇರೋದು. ಅವಳ ಪಕ್ಕ ಹೋಗಿ ಹೇಗೆ ಕೂರ್ಲಿ? ದಿನಾ ಅದೇ ಮಾತನ್ನ ಇನ್ನೊಂದು ಸಲ ಹೇಳಿದ ಹಾಗೆ."

ಬ್ರಷ್ಷು ನಿಂತಿತು. ನಲ್ಲಿಯ ನೀರು ಹರಿಯುತ್ತಲೇ ಇತ್ತು.

"ನಂಗೆ ಗೊತ್ತಿತ್ತು ಕಣೆ" ಅಂದ ಅವನು. "ಸಂಜೆ ಗುಂಗುರು ಕೂದಲಿನ ಹುಡುಗಿ ಬಂದು, ಅವರಪ್ಪಂಗೆ ಫೋನ್ ಮಾಡಿ ಹೇಳಿ ಅಂದ್ಲು. ನಾನೇ ಅಪ್ಪ ಅನ್ನಬಹುದಿತ್ತು. ಹೇಳ್ತೀನಮ್ಮ ಅಂದೆ. ನಿನ್ನ ಮಾತು ಉಳೀಲಿ ಅಂತ ಅಲ್ಲ, ಹಾಗೆ ಅಂತ ನಿನ್ನ ಮುಂದೆ ದೊಡ್ಡೋನಾಗಲ್ಲ. ಅಷ್ಟು ಮಕ್ಕಳ ಮುಂದೆ ಅಂಥ ಕೆಲಸ ಮಾಡಿದೋನು ನಾನೇ, ನಾನೇ ಅವಳಪ್ಪ ಅಂತ ಒಪ್ಕೊಳ್ಳೋಕೆ ನಂಗೆ ಬಾಯಿ ಬರ್ಲಿಲ್ಲ."

ಅವಳು ನಲ್ಲಿ ನಿಲ್ಲಿಸಿದಳು. ಆಮೇಲೆ ಅವಳ ಗಂಟಲಿಂದ ಅಳುವೋ ನಗುವೋ ತಿಳಿಯದ ಒಂದು ಸದ್ದು ಬಂತು.

"ಹಾಗಾದ್ರೆ ನಾವಿಬ್ರೂ ಸೇರ್ಕೊಂಡು ನಂಗೆ ಅಪ್ಪನೇ ಇಲ್ಲದ ಹಾಗೆ ಮಾಡಿಬಿಟ್ವಿ."

ಅವನು ಒದ್ದೆ ಕೈಯಿಂದ ಮುಖ ಒರೆಸಿಕೊಂಡ, ಮುಖ ಇನ್ನಷ್ಟು ಒದ್ದೆಯಾಯಿತು. ನಗು ಬಂದಿತ್ತು ಅವನಿಗೂ. ನಾನು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

ಸ್ವಲ್ಪ ಹೊತ್ತಿಗೆ ಅವಳು ತಲೆ ಬಾಚಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಅವನು ಎದ್ದು ನಿಂತ. ಕಾಲೇಜಿನ ಮೂಲೆ ತನಕ ಬಿಡಲಾ ಅಂದ. ಬೇಡ ಅಂದಳು. ಬಸ್ ಸ್ಟಾಪಿನ ತನಕ ಅಂದ. ಅವಳು ಅಪ್ಪಾ ಅಂತ ಒಂದೇ ಮಾತು ಅಂದದ್ದಕ್ಕೆ ಅವನು ಮತ್ತೆ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅವಳು ಬೀದಿ ತಿರುಗುವ ತನಕ ಆ ಕಡೆ ನೋಡಬಾರದೆಂದು ಎಷ್ಟು ಹಟ ಹಿಡಿದನೆಂದರೆ, ತೊಳೆದ ಚಕ್ರವನ್ನೇ ತೊಳೆಯುತ್ತಿದ್ದ. ಶಾಲೆಗೆ ಹೋಗುವ ದಾರಿಯಲ್ಲಿ ಬಸ್ ಸ್ಟಾಪ್ ಬಂತು. ಅವಳು ಜನರ ನಡುವೆ ನಿಂತಿದ್ದಳು. ಮಕ್ಕಳೆಲ್ಲ ಕಿಟಕಿಗೆ ಮುತ್ತಿ, ಅಕ್ಕ, ಅಕ್ಕ, ನಿಲ್ಲಿಸಿ ಮಾವ ಅಂದರು. ಅವನು ನಿಲ್ಲಿಸಲಿಲ್ಲ, ಹಾರನ್ನೂ ಹೊಡೆಯಲಿಲ್ಲ. ಅವಳನ್ನು ಯಾರ ಕೈಗೂ ಕೊಡದೆ ದಾಟಿಹೋದ.

ಸಂಜೆ ಅವಳೇ ಹೇಳಿದಳು. ಗುಂಗುರು ಕೂದಲಿನವಳ ಪಕ್ಕ ಕೂತು, ಅವತ್ತು ಬಂದಿದ್ದವರು ನಮ್ಮಪ್ಪ ಅಂದಳಂತೆ. ಆ ಹುಡುಗಿ, ಹೌದಾ, ಹಾಗಾದ್ರೆ ಅವರು ಅವತ್ತು ಫೋನ್ ಮಾಡೋದು ಯಾರಿಗೆ ಅಂತ ಯೋಚನೆ ಮಾಡಿರಬೇಕು ಅಂದು, ಆಮೇಲೆ ರಬ್ಬರ್ ಇದೆಯಾ ಅಂತ ಕೇಳಿದಳಂತೆ. ಇಷ್ಟಕ್ಕೆ ಒಂದು ವಾರ ಊಟ ಬಿಟ್ಟವರು ಇವರು. ಎಲ್‌ಕೆಜಿ ಅನ್ನುವ ಹೆಸರು ಮಾತ್ರ ಹೋಗಲಿಲ್ಲ. ಅಂಟಿದ ಹೆಸರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅವಳು ಕರೆದರೆ ಓ ಅನ್ನುತ್ತಾಳಂತೆ.

ಅವನ ನಾಚಿಕೆಯೂ ಹೋಗಲಿಲ್ಲ. ಇವತ್ತಿಗೂ ಕಾಲೇಜಿನ ರಸ್ತೆ ಬಂದರೆ ಕಣ್ಣು ನೆಟ್ಟಗೆ ಇಟ್ಟು ಓಡಿಸುತ್ತಾನೆ. ಆ ಮೇಡಂ ಒಂದು ಸಲ ಪೇಟೆಯಲ್ಲಿ ಎದುರಾದರೆಂದು ತರಕಾರಿ ಅಂಗಡಿಯ ಹಿಂದೆ ಹೋಗಿ ನಿಂತನಂತೆ. ಉದ್ದ ಹುಡುಗಿ ಮತ್ತೆ ಕೇಳಿದಾಗ, ನಾನು ಮೊದಲು ಹೇಳಿದ್ದೆಲ್ಲ ಸರಿಯೇ ಕಣಮ್ಮ, ಹೇಳಿದೋನು ಸರಿ ಇರಲಿಲ್ಲ ಅಂದ. ಸ್ವಲ್ಪ ದೂರ ಹೋದ ಮೇಲೆ, ಮೊದಲನೇ ದಿನ ಏನಾದ್ರೂ ಎಡವಟ್ಟಾದ್ರೆ ಎರಡನೇ ದಿನಾನೂ ಹೋಗಿ, ನಮ್ಮ ಮಗಳು ಹೇಳು ಅಂದಿದಾಳೆ ಅಂತ ಸೇರಿಸಿದ. ಮಗಳು ಎಂಬ ಮಾತನ್ನು ಹೇಳುವಾಗ ದನಿ ತಗ್ಗಿತು.

ಇವತ್ತು ಬೆಳಿಗ್ಗೆಯೂ ಅವಳು ಬಸ್ಸಿಗೆ ಹೋದಳು. ಅವನು ಕಾಲೊರಸುಗಳನ್ನು ಹೊರಗೆ ತಂದು ಗೋಡೆಗೆ ಬಡಿದ, ದೂಳು ಹಾರಿತು. ಹಿಂದಿನ ಸೀಟಿನ ಕೆಳಗೆ ಯಾವುದೋ ಪುಟಾಣಿ ಅಂಟಿಸಿ ಹೋದ ಮಿಠಾಯಿ ಬಿಡುತ್ತಿರಲಿಲ್ಲ. ಬಿಸಿನೀರು ತಾ ಅಂದೆ. ಅವನು ಚೊಂಬಿನಲ್ಲಿ ತಂದು ಕೊಟ್ಟ. ನಾನು ಮೊಣಕಾಲೂರಿ, ಬಟ್ಟೆ ಅದ್ದಿ, ಅದನ್ನು ಉಜ್ಜತೊಡಗಿದೆ.